ಬೇರೆಯವರ ಹಾಡು, ನಮ್ಮ ನಡೆ: ಮೆಂಫಿಸ್‌ನಲ್ಲಿ ಒಂದು ರಾಕಬಿಲಿ ಆಲ್ಬಮ್ ಮಾಡಿದ್ದು

ಬೇರೆಯವರ ಹಾಡುಗಳನ್ನು ರಾಕಬಿಲಿ ಅನ್ನುವ ಹಳೇ ಅಮೆರಿಕನ್ ಶೈಲಿಗೆ ತಿರುಗಿಸಿ ನಮ್ಮ ಬ್ಯಾಂಡ್ ಒಂದು ಆಲ್ಬಮ್ ಮಾಡಹೊರಟಿತ್ತು. ಮೊದಲ ಹಾಡು ಕೇಳಿಸಿದಾಗ ಎಲ್ಲರೂ ನಕ್ಕರು. ನಮಗೂ ಖುಷಿಯಾಯಿತು. ಒಂದು ವಾರ ಕಳೆದು ನಾವೇ ಮತ್ತೆ ಹಾಕಿಕೊಂಡು ಕೇಳಿದೆವು. ಯಾರೂ ನಗಲಿಲ್ಲ. ಆಗ ಗೊತ್ತಾಯಿತು, ಜನ ನಕ್ಕಿದ್ದು ಹಾಡು ಚೆನ್ನಾಗಿದೆ ಅಂತ ಅಲ್ಲ. "ಅಯ್ಯೋ, ಇದು ಆ ಹಾಡಲ್ವಾ!" ಅಂತ ಗುರುತು ಹತ್ತಿದ್ದಕ್ಕೆ. ಹಾಡಿಗೆ ಹಾಕಿದ ವೇಷ ಕಂಡು ನಕ್ಕಿದ್ದರು, ಅಷ್ಟೆ. ಆ ರೆಕಾರ್ಡಿಂಗನ್ನು ಅವತ್ತೇ ಅಳಿಸಿದೆವು. ಅಲ್ಲಿಂದ ಆಲ್ಬಮ್ ಮುಗಿಯೋಕೆ ಇನ್ನೂ ಹದಿನಾಲ್ಕು ತಿಂಗಳು ಹಿಡಿಯಿತು.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ ಮಾಡುವವನು. ಊರು ಹಾಸನದ ಕಡೆ. ಮೈಸೂರಿನಲ್ಲಿ ಓದುವಾಗ ನಾಲ್ಕು ವರ್ಷ ಮೃದಂಗ ಕಲಿತು, ಪಿಯುಸಿ ನೆಪ ಹೇಳಿ ಬಿಟ್ಟೆ. ಈಗ ಇರೋದು ಅಮೆರಿಕದ ಮೆಂಫಿಸ್‌ನಲ್ಲಿ. ಇಲ್ಲಿಗೆ ಬಂದ ಮೇಲೆ, ಮೂವತ್ತೆಂಟನೇ ವಯಸ್ಸಿನಲ್ಲಿ, ಡಬಲ್ ಬೇಸ್ ಹಿಡಿದೆ. ನಿಂತುಕೊಂಡು ನುಡಿಸುವ, ನನಗಿಂತ ಎತ್ತರದ ಮರದ ವಾದ್ಯ. ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿದ ಅಮ್ಮ, "ಇದೇನೋ, ಪಿಟೀಲಿನ ಅಜ್ಜನಾ?" ಅಂದರು.

ಬ್ಯಾಂಡ್‌ನಲ್ಲಿ ನಾವು ನಾಲ್ವರು. ಗಿಟಾರ್ ನುಡಿಸುವವರಿಗೆ ಎಪ್ಪತ್ತರ ಹತ್ತಿರ. ಡ್ರಮ್ಮರ್ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಹಾಡುವವಳು ಶಾಲೆ ಟೀಚರ್. ನಮ್ಮೆಲ್ಲರಿಗಿಂತ ಚಿಕ್ಕವಳು, ಹಟ ಎಲ್ಲರಿಗಿಂತ ಜಾಸ್ತಿ. ಆ ಮೊದಲ ರೆಕಾರ್ಡಿಂಗ್ ಅಳಿಸಲೇಬೇಕು ಅಂತ ಕೂತವಳು ಅವಳೇ.

ರಾಕಬಿಲಿ ಅಂದರೇನು ಅಂತ ಕೇಳುವವರಿಗೆ ಎರಡು ಮಾತು. ರಾಕ್ ಮತ್ತು ಹಿಲ್‌ಬಿಲಿ ಸೇರಿ ಆದ ಹೆಸರು ಅದು. ಹಿಲ್‌ಬಿಲಿ ಅಂದರೆ ಬೆಟ್ಟದ ಸೀಮೆಯ ಹಳ್ಳಿಯವನನ್ನು ಪೇಟೆಯವರು ಆಡಿಕೊಳ್ಳುವ ಮಾತು. ನಾವು ಹಳ್ಳಿ ಗಮಾರ ಅಂತೀವಲ್ಲ, ಹಾಗೆ. ಬಿಳಿಯರ ಹಳ್ಳಿ ಹಾಡು, ಕರಿಯರ ಬ್ಲೂಸ್ ಎರಡೂ ಒಂದೇ ರೂಮಿನಲ್ಲಿ ಡಿಕ್ಕಿ ಹೊಡೆದು ಹುಟ್ಟಿದ್ದು ಇದು. ಆ ರೂಮು ನಮ್ಮನೆಯಿಂದ ಇಪ್ಪತ್ತು ನಿಮಿಷದ ದಾರಿ. 706, ಯೂನಿಯನ್ ಅವೆನ್ಯೂ. ಸ್ಯಾಮ್ ಫಿಲಿಪ್ಸ್ 1950ರಲ್ಲಿ ತೆರೆದ ಸ್ಟುಡಿಯೋ, ಈಗ ಸನ್ ಸ್ಟುಡಿಯೋ ಅಂತ ಹೆಸರು. 1954ರ ಜುಲೈ 5ರ ರಾತ್ರಿ ಅಲ್ಲಿ ಮೂರೇ ಜನ ನುಡಿಸಿದರು: ಗಿಟಾರ್‌ಗೆ ಸ್ಕಾಟಿ ಮೂರ್, ಬೇಸ್‌ಗೆ ಬಿಲ್ ಬ್ಲ್ಯಾಕ್, ಹಾಡೋಕೆ 19 ವರ್ಷದ ಎಲ್ವಿಸ್ ಪ್ರೆಸ್ಲಿ. ಡ್ರಮ್ಸ್ ಇರಲೇ ಇಲ್ಲ.

ಅವತ್ತು ಆದ ಹಾಡೂ ಬೇರೆಯವರದ್ದೇ. ಆರ್ಥರ್ ಕ್ರುಡಪ್ ಅನ್ನುವ ಬ್ಲೂಸ್ ಹಾಡುಗಾರನದ್ದು. ರೆಕಾರ್ಡಿನ ಹಿಂಬದಿಗೆ ಹಾಕಿದ ಹಾಡು ಹಳ್ಳಿ ಹಾಡಿನ ದೊಡ್ಡ ಹೆಸರು ಬಿಲ್ ಮನ್ರೋ ಅವರದ್ದು. ಮೂರು ಎಣಿಕೆಯ ನಿಧಾನದ ವಾಲ್ಟ್ಜ್ ಆಗಿದ್ದ ಅದನ್ನು ಈ ಹುಡುಗರು ನಾಲ್ಕು ಎಣಿಕೆಗೆ ತಿರುಗಿಸಿ ಓಡಿಸಿಬಿಟ್ಟರು. ಮಜಾ ಏನಂದರೆ, ಅದೇ ವರ್ಷ ಮನ್ರೋ ತಮ್ಮ ಹಾಡನ್ನು ಮತ್ತೆ ರೆಕಾರ್ಡ್ ಮಾಡಿದಾಗ ಅರ್ಧ ವಾಲ್ಟ್ಜ್‌ನಲ್ಲಿ ಹಾಡಿ, ಉಳಿದರ್ಧ ನಾಲ್ಕು ಎಣಿಕೆಗೆ ಹೊರಳಿದರು. ಹಾಡಿನ ಯಜಮಾನರೇ ಹುಡುಗರ ನಡೆ ಹಿಡಿದರು. ಕವರ್ ಹಾಡು, ಅಂದರೆ ಬೇರೆಯವರ ಹಾಡನ್ನು ತಮ್ಮ ರೀತಿಯಲ್ಲಿ, ಮಾಡುವವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕಾ?

ಇವತ್ತಿನ ಪಾಪ್ ಹಾಡನ್ನು ಈ ಶೈಲಿಗೆ ತಿರುಗಿಸುವುದೂ ಹೊಸದಲ್ಲ. ಬರ್ಲಿನ್‌ನ ದಿ ಬೇಸ್‌ಬಾಲ್ಸ್ ತಂಡ 2009ರಲ್ಲಿ ಇಂಥದ್ದೇ ಇಡೀ ಆಲ್ಬಮ್ ಮಾಡಿ ಯುರೋಪಿನಲ್ಲಿ ದೊಡ್ಡ ಹೆಸರು ಮಾಡಿತು. ನನಗೆ ಅದು ಇಷ್ಟ. ಆದರೆ ಅವರದ್ದು ಮೋಜಿನ ಜಾತಿ. ಮೋಜನ್ನು ಅವರಷ್ಟು ಚೆನ್ನಾಗಿ ಮಾಡೋಕೆ ನಮ್ಮ ಕೈಲಿ ಆಗೋದಿಲ್ಲ ಅಂತ ಮೊದಲ ಹಾಡೇ ಹೇಳಿತ್ತಲ್ಲ.

ಹಾಗಾಗಿ ಹಾಡು ಆರಿಸೋಕೆ ಒಂದು ಪರೀಕ್ಷೆ ಇಟ್ಟುಕೊಂಡೆವು. ವಾದ್ಯ ಎಲ್ಲ ಕೆಳಗಿಡಬೇಕು. ಅವಳು ಹಾಡಬೇಕು, ನಾವು ಸುಮ್ನೆ ಚಪ್ಪಾಳೆ ಹಾಕಬೇಕು. ಅಷ್ಟರಲ್ಲೇ ಹಾಡು ನಿಂತುಕೊಂಡರೆ ಪಟ್ಟಿಗೆ. ಮೂವತ್ತೊಂದು ಹಾಡು ಹಾಡಿ ನೋಡಿದೆವು. ಹತ್ತು ಉಳಿದವು, ಕೊನೆಗೆ ಎಂಟು. ಬಿದ್ದುಹೋದ ಹಾಡುಗಳಲ್ಲಿ ಜಾಸ್ತಿ ಪಾಲಿಗೆ ಒಂದೇ ಕಾಯಿಲೆ. ಅವುಗಳ ಜೀವ ಇದ್ದದ್ದು ರಾಗದಲ್ಲಲ್ಲ, ಸ್ಟುಡಿಯೋದಲ್ಲಿ ಕಟ್ಟಿದ ಶಬ್ದದಲ್ಲಿ. ಶಬ್ದ ತೆಗೆದರೆ ಉಳಿಯುತ್ತಿದ್ದದ್ದು ಎರಡು ಸ್ವರ, ಒಂದು ಕೂಗು.

ನಾವು ಅಳಿಸಿದ ಹಾಡು ಈ ಪರೀಕ್ಷೆಯಲ್ಲಿ ಗೆದ್ದಿತು. ಅದು 80ರ ದಶಕದ ಸಿಂಥ್ ಪಾಪ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡಿನ ಪಾಪ್. ಶುರುವಿನಲ್ಲಿ ಕೀಬೋರ್ಡಿನ ಒಂದು ಸಾಲು ಬರುತ್ತದೆ. ಅದನ್ನು ಕೇಳಿದರೆ ಸಾಕು, ಈ ದೇಶದಲ್ಲಿ ಐವತ್ತು ದಾಟಿದವರೆಲ್ಲ ತಲೆ ಆಡಿಸುತ್ತಾರೆ. ಮೊದಲ ಸಲ ಆ ಸಾಲನ್ನೇ ಗಿಟಾರಿನಲ್ಲಿ ನುಡಿಸಿದ್ದೆವು. ಜನ ನಕ್ಕಿದ್ದು ಅಲ್ಲೇ. ಎರಡನೇ ಸಲ ಆ ಸಾಲನ್ನೇ ತೆಗೆದೆವು. ಗಿಟಾರ್‌ನವರಿಗೆ ಸಂಕಟ. "ಅದಿಲ್ಲದೆ ಇದು ಯಾವ ಹಾಡು ಅಂತ ಯಾರಿಗೆ ತಿಳಿಯುತ್ತೆ?" ಅಂದರು. "ತಿಳಿಯೋದು ಬೇಡ. ಮಾತು ಕೇಳಲಿ" ಅಂದಳು ಅವಳು. ಮಾತು ಕೇಳಿದರೆ ಅದು ಬಿಟ್ಟುಹೋದವನನ್ನು ಬೇಡಿಕೊಳ್ಳುವ ಹಾಡು. ಮೂವತ್ತು ವರ್ಷ ಪಾರ್ಟಿಗಳಲ್ಲಿ ಅದಕ್ಕೆ ಕುಣಿದಿದ್ದ ಡ್ರಮ್ಮರ್‌ಗೆ ಅವತ್ತೇ ಅದು ಗೊತ್ತಾಗಿದ್ದು.

ಆಮೇಲೆ ಸ್ವರಮೇಳದ ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಆಲ್ಬಮ್‌ನಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಇಲ್ಲಿದೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು. ಮೂಲ ಹಾಡಿನಲ್ಲಿ ನಾಲ್ಕು ಕಾರ್ಡ್‌ಗಳು ಸುತ್ತುತ್ತವೆ: ಎ ಮೈನರ್, ಎಫ್, ಸಿ, ಜಿ. ಒಂದೊಂದು ಬಾರ್‌ಗೂ, ಅಂದರೆ ತಾಳದ ಒಂದೊಂದು ಸುತ್ತಿಗೂ, ಒಂದು ಬದಲು. ರಾಕಬಿಲಿಗೆ ಈ ಅವಸರ ಆಗಿಬರೋದಿಲ್ಲ. ಅದಕ್ಕೆ ಒಂದೇ ಕಾರ್ಡ್ ಎರಡು, ನಾಲ್ಕು ಬಾರ್ ನಿಲ್ಲಬೇಕು. ನೆಲ ಗಟ್ಟಿಯಿದ್ದರೆ ತಾನೇ ಮೇಲೆ ಕುಣಿಯೋಕಾಗೋದು? ಅಳುಮೋರೆಯ ಎ ಮೈನರನ್ನು ತೆಗೆದು ನಗುಮುಖದ ಸಿ ಮೇಜರಿನಲ್ಲೇ ನಿಲ್ಲೋಣ ಅಂದುಕೊಂಡೆವು. ಆದರೆ ಅವಳ ರಾಗ ಎ ಸ್ವರದ ಮೇಲೆ ಜೋತುಬಿದ್ದಿತ್ತು. ಅದನ್ನು ಮುಟ್ಟುವ ಹಾಗಿಲ್ಲ.

ಗಿಟಾರ್‌ನವರು ಏನೂ ಹೇಳದೆ ಸಿ ಸಿಕ್ಸ್ತ್ ಹಿಡಿದರು. ಸಿ ಮೇಜರಿಗೆ ಎ ಸೇರಿಸಿದ ಕಾರ್ಡ್. ಹಳೇ ರಾಕಬಿಲಿಯಲ್ಲಿ ಹೆಜ್ಜೆ ಹೆಜ್ಜೆಗೂ ಅದೇ. ಅದರಲ್ಲಿರೋದು ಎ, ಸಿ, ಇ, ಜಿ. ಎ ಮೈನರ್ ಸೆವೆಂತ್‌ನಲ್ಲಿ ಇರೋದೂ ಅದೇ ಎ, ಸಿ, ಇ, ಜಿ. ಸ್ವರ ನಾಲ್ಕೂ ಒಂದೇ. ಕೆಳಗೆ ನಾನು ಎ ಹಿಡಿದರೆ ಅಳು, ಸಿ ಹಿಡಿದರೆ ಅಳು ನುಂಗಿಕೊಂಡು ನಗು. ಬೇಸ್‌ನಲ್ಲಿ ನನ್ನ ಒಂದು ಬೆರಳು ಜಾಗ ಬದಲಿಸಿತು, ಹಾಡು ಬೇರೆಯಾಯಿತು. ನಮ್ಮ ಮೃದಂಗದ ಮೇಷ್ಟ್ರ ಮನೆಯ ಜಗುಲಿಯಲ್ಲಿ ಒಬ್ಬರು ಪಿಟೀಲಿನಲ್ಲಿ ಗ್ರಹಭೇದ ಮಾಡಿ ತೋರಿಸಿದ್ದು ನೆನಪಾಯಿತು. ಸ್ವರಗಳು ಅವೇ, ಷಡ್ಜ ಬೇರೆ ಕಡೆ ಕೂತರೆ ರಾಗವೇ ಬೇರೆ. ಅವತ್ತು ನನಗೆ ಅರ್ಥವಾಗಿರಲಿಲ್ಲ. ಮೆಂಫಿಸ್‌ನ ಒಂದು ಗ್ಯಾರೇಜಿನಲ್ಲಿ ಅರ್ಥವಾಯಿತು.

ಮೃದಂಗ ಇನ್ನೊಂದು ಕಡೆಯೂ ಕೈ ಹಿಡಿಯಿತು. ಶಫಲ್ ಅನ್ನುವ ನಡೆಯನ್ನು ನೋಡಿ. ಒಂದು ಏಟನ್ನು ಮೂರು ಪಾಲು ಮಾಡಿ, ಮೊದಲನೆಯದನ್ನೂ ಮೂರನೆಯದನ್ನೂ ಹಾಕಿ, ನಡುವಿನದನ್ನು ನುಂಗಿಬಿಡುವುದು. ತಕಿಟ ಅನ್ನುವಾಗ 'ಕಿ' ಬಿಟ್ಟು ತ...ಟ, ತ...ಟ ಅಂದ ಹಾಗೆ. ತಿಶ್ರವನ್ನು, ಅಂದರೆ ಮೂರರ ನಡೆಯನ್ನು, ಬಾಯಲ್ಲಿ ಹೇಳಿಕೊಂಡವರಿಗೆ ಇದು ಎರಡು ದಿನದ ಕೆಲಸ. ಆದರೆ ವೇಗ ಹೆಚ್ಚಿದ ಹಾಗೆ ಈ ಮೂರರ ತೂಕ ಕರಗಿ ಸಮಸಮ ಆಗುತ್ತಾ ಹೋಗುತ್ತದೆ. ಎಷ್ಟು ಕರಗಬೇಕು ಅನ್ನೋದನ್ನು ಯಾವ ಪುಸ್ತಕವೂ ಹೇಳೋದಿಲ್ಲ. ನಾನು ತೀರಾ ಲೆಕ್ಕಾಚಾರವಾಗಿ ನುಡಿಸುತ್ತೇನೆ ಅಂತ ಡ್ರಮ್ಮರ್ ತಿಂಗಳುಗಟ್ಟಲೆ ಗೊಣಗಿದರು.

ಇನ್ನು ಕೈ ವಿಷಯ. ರಾಕಬಿಲಿಯಲ್ಲಿ ಬೇಸ್ ನುಡಿಸುವ ರೀತಿಗೆ ಸ್ಲ್ಯಾಪ್ ಅನ್ನುತ್ತಾರೆ. ಅದು ತಂತಿಯನ್ನು ಮೀಟುವುದಲ್ಲ. ಬಲಗೈಯ ಎರಡು ಬೆರಳನ್ನು ತಂತಿಯ ಕೆಳಗೆ ಕೊಕ್ಕೆ ಹಾಕಿ ಹೊರಗೆ ಎಳೆದು ಬಿಡಬೇಕು. ಅದು ವಾಪಸ್ ಬಂದು ತಂತಿಯ ಕೆಳಗಿನ ಕರಿಮರದ ಪಟ್ಟಿಗೆ ಟಪ್ ಅಂತ ಬಡಿಯುತ್ತದೆ. ಮುಂದಿನ ಏಟಿಗೆ ಅಂಗೈಯಲ್ಲಿ ತಂತಿಗಳನ್ನು ಪಟ್ಟಿಗೆ ಚಪ್ಪರಿಸಬೇಕು. ಎಳೆತದಲ್ಲಿ ಸ್ವರ, ಚಪ್ಪರಿಕೆಯಲ್ಲಿ ಬರೀ ಸದ್ದು. ಡ್ರಮ್ಸ್ ಇಲ್ಲದ ಕಾಲದಲ್ಲಿ ಬೇಸ್‌ನವನೇ ಡ್ರಮ್ಮರ್ ಆಗಿದ್ದ ಗುಟ್ಟು ಇದು. ಎರಡು ಚಪ್ಪರಿಕೆ ಸೇರಿಸಿದರೆ ಕುದುರೆ ಓಡಿದ ಹಾಗೆ ಕೇಳುತ್ತದೆ.

ಮೊದಲ ತಿಂಗಳು ಸ್ಟೀಲ್ ತಂತಿಯಲ್ಲಿ ಅಭ್ಯಾಸ ಮಾಡಿದೆ. ದಡ್ಡತನ. ತೋರುಬೆರಳಲ್ಲಿ ಗುಳ್ಳೆ ಎದ್ದು, ಒಡೆದು, ಅದರ ಕೆಳಗೆ ಇನ್ನೊಂದು ಗುಳ್ಳೆ. ಆಫೀಸಿನಲ್ಲಿ ಕೀಬೋರ್ಡ್ ಮುಟ್ಟಿದರೆ ಪ್ರಾಣ ಹೋಗುತ್ತಿತ್ತು. ಆಮೇಲೆ ಕರುಳಿನ ತಂತಿ ಹಾಕಿದೆ. ಕುರಿಯ ಕರುಳನ್ನು ಹೊಸೆದು ಮಾಡುವ ತಂತಿ, ಸಸ್ಯಾಹಾರಿ ಮನೆಯವನಾದ ನಾನು ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. ಮೆತ್ತಗಿದೆ, ದಪ್ಪಗಿದೆ, ಬೆರಳಿಗೆ ಕರುಣೆ ತೋರುತ್ತದೆ. ಸದ್ದು ಗುಂಡಗೆ, ಬೇಗ ಸಾಯುತ್ತದೆ. ಹಳೇ ರೆಕಾರ್ಡ್‌ಗಳ ಆ ದುಂ ಅನ್ನುವ ಬೇಸ್ ಬರೋದು ಇದರಿಂದಲೇ. ಆದರೆ ಗಾಳಿಯಲ್ಲಿ ತೇವ ಏರಿದರೆ ಶ್ರುತಿ ನಿಲ್ಲೋದಿಲ್ಲ. ಜುಲೈ ತಿಂಗಳ ಮೆಂಫಿಸ್ ಅಂದರೆ ಮಂಗಳೂರಿನ ಮೇ ತಿಂಗಳಿದ್ದ ಹಾಗೆ. ನಾವು ರೆಕಾರ್ಡಿಂಗ್ ಇಟ್ಟುಕೊಂಡದ್ದು ಜುಲೈನಲ್ಲಿ.

ಸನ್ ಸ್ಟುಡಿಯೋದಲ್ಲೇ ಮಾಡೋಣ ಅಂತ ಒಂದು ಆಸೆ ಇತ್ತು. ಅಲ್ಲಿ ಈಗಲೂ ಹಗಲು ಪ್ರವಾಸಿಗರು, ರಾತ್ರಿ ರೆಕಾರ್ಡಿಂಗ್. ನಾನು ಪ್ರವಾಸಿಯಾಗಿ ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ನನಗೆ ಕಂಡದ್ದು ರೂಮು ಎಷ್ಟು ಚಿಕ್ಕದು ಅನ್ನೋದು. ನಮ್ಮೂರಿನ ಶಾಲೆಯ ಒಂದು ಕ್ಲಾಸ್‌ರೂಮಿನಷ್ಟು. ಇಷ್ಟರಲ್ಲಿ ಮಾಡಿದರಲ್ಲ, ನಮಗೆ ಗ್ಯಾರೇಜ್ ಸಾಲದಾ? ಖರ್ಚಿನ ಲೆಕ್ಕವೂ ಅದೇ ಹೇಳಿತು. ಡ್ರಮ್ಮರ್ ಮನೆಯ ಗ್ಯಾರೇಜ್ ಖಾಲಿ ಮಾಡಿ, ಗೋಡೆಗೆ ಹಳೇ ರಜಾಯಿ ನೇತುಹಾಕಿದೆವು.

ಒಬ್ಬೊಬ್ಬರನ್ನೇ ಬೇರೆ ಬೇರೆ ರೆಕಾರ್ಡ್ ಮಾಡಿ ಜೋಡಿಸುವುದು ಬೇಡ ಅಂತ ಮೊದಲೇ ಮಾತಾಗಿತ್ತು. ನಾಲ್ವರೂ ಒಟ್ಟಿಗೆ, ಒಂದೇ ರೂಮಿನಲ್ಲಿ. ನಡುವೆ ಒಂದು ಮೈಕ್, ಅವಳ ಬಾಯಿಯ ಹತ್ತಿರ ಇನ್ನೊಂದು. ಮಿಕ್ಸಿಂಗ್ ಅಂದರೆ ಕಾಲಲ್ಲಿ ನಡೆದು ಮಾಡುವುದು. ಬೇಸ್ ಜೋರಾಯಿತಾ, ನಾನು ಒಂದು ಅಡಿ ಹಿಂದೆ. ಗಿಟಾರ್ ಕೇಳಿಸುತ್ತಿಲ್ಲವಾ, ಆಂಪ್ಲಿಫೈಯರನ್ನು ಮುಂದೆ ತಳ್ಳು. ಡ್ರಮ್ಸ್ ಹನ್ನೆರಡು ಅಡಿ ದೂರ ಹೋಗಿ ಬಾಗಿಲಿಗೆ ತಾಗಿತು. ಆಮೇಲೂ ಜೋರು. ಕೊನೆಗೆ ಕೋಲು ಬಿಟ್ಟು ಬ್ರಷ್ ಹಿಡಿದರು, ಸ್ನೇರ್ ಅನ್ನುವ ಚಿಕ್ಕ ಡ್ರಮ್ ಮೇಲೆ ಪಾತ್ರೆ ಒರೆಸುವ ಬಟ್ಟೆ ಹಾಸಿದರು. ನೆಲದಲ್ಲಿ ಎಲ್ಲರ ಜಾಗಕ್ಕೂ ಟೇಪ್ ಅಂಟಿಸಿದೆವು. ಎ.ಸಿ. ಗುಂಯ್ಗುಡುತ್ತದೆ ಅಂತ ಅದನ್ನೂ ಆರಿಸಿದೆವು. ಎರಡು ಟೇಕ್‌ಗೆ ಒಂದು ಸಲ ಬಾಗಿಲು ತೆರೆದು ಉಸಿರಾಡಿ, ಬೇಸ್ ಶ್ರುತಿ ಮಾಡಿ, ಮತ್ತೆ ಒಳಗೆ. ಹೊರಗೆ ಜೀರುಂಡೆಗಳ ಗದ್ದಲ. ಮೂರನೇ ಹಾಡಿನ ಕೊನೆಯಲ್ಲಿ ಕಿವಿಗೊಟ್ಟರೆ ಅದೂ ಕೇಳುತ್ತದೆ.

ಹೀಗೆ ಮಾಡಿದರೆ ಒಬ್ಬರು ತಪ್ಪಿದರೂ ನಾಲ್ವರೂ ಮೊದಲಿನಿಂದ. ಎಲ್ಲರ ಸದ್ದೂ ಎರಡೂ ಮೈಕಿನಲ್ಲಿ ಇರುವಾಗ ತೇಪೆ ಹಾಕೋಕೆ ಬರೋದಿಲ್ಲ. ಒಂದು ಹಾಡಿಗೆ 23 ಟೇಕ್ ಆಯಿತು. ಅದರಲ್ಲಿ ಹದಿನಾಲ್ಕು ನನ್ನಿಂದ ಕೆಟ್ಟದ್ದು.

ಆ ಹಾಡು ಡಬ್ಲ್ಯು.ಸಿ. ಹ್ಯಾಂಡಿ ಅವರ ಸೇಂಟ್ ಲೂಯಿಸ್ ಬ್ಲೂಸ್. 1914ರಲ್ಲಿ ಇದೇ ಮೆಂಫಿಸ್‌ನಲ್ಲಿ ಅಚ್ಚಾದದ್ದು. ಅದು ಸುಮ್ನೆ ಹನ್ನೆರಡು ಬಾರ್‌ನ ಬ್ಲೂಸ್ ಅಲ್ಲ. ನಡುವೆ ಹದಿನಾರು ಬಾರ್ ಮೈನರಿಗೆ ಹೊರಳಿ, ಕ್ಯೂಬಾ ಕಡೆಯ ಹಬನೆರಾ ತಾಳ ಹಿಡಿಯುತ್ತದೆ. ಎಂಟನ್ನು ಮೂರು, ಮೂರು, ಎರಡು ಅಂತ ಒಡೆದ ನಡೆಗೆ ಹತ್ತಿರ. ತಕಿಟ ತಕಿಟ ತಕ. ನಮ್ಮ ತೊಂದರೆ ಏನೆಂದರೆ, ಶಫಲ್‌ನಲ್ಲಿ ಒಂದು ಏಟಿಗೆ ಮೂರು ಪಾಲು, ಇದರಲ್ಲಿ ನಾಲ್ಕು. ಒಂದರಿಂದ ಇನ್ನೊಂದಕ್ಕೆ ಹಾರುವಾಗ ನಾಲ್ವರೂ ನಾಲ್ಕು ಕಡೆ ಬೀಳುತ್ತಿದ್ದೆವು. ಆ ಹದಿನಾರು ಬಾರನ್ನೂ ಶಫಲ್ ಮಾಡಿ ನೋಡಿದೆವು. ಚಪ್ಪೆಯಾಯಿತು. ಬಿಟ್ಟುಬಿಡೋಣ ಅಂದರೆ ಹಾಡಿನ ಬೆನ್ನೆಲುಬೇ ಅದು.

ಪರಿಹಾರ ಸಿಕ್ಕಿದ್ದು ಸುಸ್ತಾಗಿದ್ದಾಗ. ಡ್ರಮ್ಮರ್ ನೀರು ಕುಡಿಯೋಕೆ ಎದ್ದಿದ್ದರು, ಗಿಟಾರ್‌ನವರು ಬೆರಳು ಉಜ್ಜಿಕೊಳ್ಳುತ್ತಿದ್ದರು. ಅವಳು ಆ ಭಾಗ ಮೆಲ್ಲಗೆ ಹಾಡಿಕೊಂಡಳು. ನಾನು ಕೆಳಗೆ ಸ್ಲ್ಯಾಪ್‌ನಲ್ಲಿ ತಕಿಟ ತಕಿಟ ತಕ ಹಾಕಿದೆ. ಬರೀ ದನಿ, ಬರೀ ಬೇಸ್. ಹದಿನಾರನೇ ಬಾರ್ ಮುಗಿಯುವ ಹೊತ್ತಿಗೆ ಡ್ರಮ್ಮರ್ ನೀರಿನ ಲೋಟ ಹಿಡಿದುಕೊಂಡೇ ಕಾಲಲ್ಲಿ ಶಫಲ್ ಶುರು ಮಾಡಿದ್ದರು. ಕಷ್ಟಪಟ್ಟು ಸೇತುವೆ ಕಟ್ಟಬೇಕಿರಲಿಲ್ಲ, ಇಬ್ಬರು ಸುಮ್ಮನಾಗಬೇಕಿತ್ತು. ಆಲ್ಬಮ್‌ನಲ್ಲಿ ಈಗ ಇರೋದು ಹಾಗೇ.

ಇನ್ನೊಂದು ಹಾಡಿಗೆ ಡ್ರಮ್ಸನ್ನೇ ತೆಗೆದೆವು. ಗಿಟಾರ್ ತಂತಿಗಳ ನಡುವೆ ಒಂದು ಕಾಗದ ಸಿಕ್ಕಿಸಿ ಬಾರಿಸಿದರೆ ಸ್ನೇರ್ ಹಾಗೆ ಚಿಕ್ ಚಿಕ್ ಅನ್ನುತ್ತದೆ. ಗಾಯಕ ಜಾನಿ ಕ್ಯಾಶ್ 50ರ ದಶಕದಲ್ಲಿ ಮಾಡುತ್ತಿದ್ದ ಉಪಾಯ. ಕರೆಂಟ್ ಬಿಲ್ ಮಡಚಿ ಸಿಕ್ಕಿಸಿದೆವು, ಕೆಲಸ ಮಾಡಿತು.

ಡ್ರಮ್ಮರ್ ಸೇಡು ತೀರಿಸಿಕೊಂಡದ್ದು ಕೇಸಿ ಜೋನ್ಸ್ ಹಾಡಿನಲ್ಲಿ. ಕೇಸಿ ಜೋನ್ಸ್ ನಿಜವಾಗಿ ಇದ್ದ ರೈಲು ಚಾಲಕ. 1900ರ ಏಪ್ರಿಲ್ 30ರ ನಸುಕಿನಲ್ಲಿ, ಮೆಂಫಿಸ್‌ನಿಂದ ತಡವಾಗಿ ಹೊರಟ ಗಾಡಿಯ ಹೊತ್ತು ತುಂಬಿಸೋಕೆ ಓಡಿಸುತ್ತಾ, ಮಿಸಿಸಿಪ್ಪಿಯ ವಾನ್ ಹತ್ತಿರ ನಿಂತಿದ್ದ ಗಾಡಿಗೆ ಗುದ್ದಿ ಸತ್ತ. ಅವನ ಮೇಲೆ ಮೊದಲು ಹಾಡು ಕಟ್ಟಿದ್ದು ವ್ಯಾಲೇಸ್ ಸಾಂಡರ್ಸ್ ಅನ್ನುವ, ಎಂಜಿನ್ ಒರೆಸುವ ಕೆಲಸದ ಕರಿಯ. ಅಚ್ಚಾಗಿ ದುಡ್ಡು ಮಾಡಿದವರು ಬೇರೆಯವರು. ನಮ್ಮ ಡ್ರಮ್ಮರ್‌ಗೆ ಇದು ಹಾಡಲ್ಲ, ಇಲಾಖೆಯ ವಿಷಯ. ನಾವು ಜೋಶ್‌ನಲ್ಲಿ ವೇಗ ಏರಿಸಿದಾಗ ಬ್ರಷ್ ನಿಲ್ಲಿಸಿ, "ಅವನು ಕೊನೆಗೆ ಬ್ರೇಕ್ ಹಾಕಿದ್ದ. ನೀವು ಹಾಕ್ತಿಲ್ಲ" ಅಂದರು. ಹಾಡಿನ ಕೊನೆಯಲ್ಲಿ ರೈಲಿನ ತಾಳ ನಿಧಾನವಾಗಿ ಬಿಗಿಯುತ್ತಾ ಬರುತ್ತದೆ. ಅದು ಅವರದ್ದು.

ಈಗ ಪ್ರತಿಧ್ವನಿಯ ಲೆಕ್ಕ. ಈ ಶೈಲಿಯಲ್ಲಿ ದನಿಯ ಬೆನ್ನಿಗೇ ಒಂದು ನೆರಳು ಬರುತ್ತದಲ್ಲ, ಅದರ ಹೆಸರು ಸ್ಲ್ಯಾಪ್‌ಬ್ಯಾಕ್. ಸ್ಯಾಮ್ ಫಿಲಿಪ್ಸ್ ಎರಡು ಆಂಪೆಕ್ಸ್ ಟೇಪ್ ಮೆಷಿನ್ ಇಟ್ಟು ಅದನ್ನು ಮಾಡುತ್ತಿದ್ದರು. ಟೇಪಿನ ಮೇಲೆ ಬರೆಯುವ ಹೆಡ್ ಒಂದು, ಓದುವ ಹೆಡ್ ಒಂದು. ಟೇಪು ಅದರಿಂದ ಇದಕ್ಕೆ ಸಾಗುವಷ್ಟು ಹೊತ್ತು ತಡ. ಸೆಕೆಂಡಿಗೆ 15 ಇಂಚು ಓಡುವ ಟೇಪು, ನಡುವೆ 2 ಇಂಚು ಅಂತ ಇಟ್ಟುಕೊಳ್ಳಿ, ತಡ 133 ಮಿಲಿಸೆಕೆಂಡ್. ನಿಜವಾದ ಟೇಪೇ ಬೇಕು ಅಂತ ನಾನು ಹಟ ಮಾಡಿ ಹಳೇ ಮೆಷಿನ್ ಒಂದು ತಂದೆ. ಅದು 7.5 ಇಂಚಿಗಿಂತ ಜೋರಾಗಿ ಓಡಲ್ಲ. ಹೆಡ್‌ಗಳ ನಡುವೆ ಸ್ಕೇಲ್ ಇಟ್ಟು ನೋಡಿದರೆ ಒಂದೂವರೆ ಇಂಚು. ಅಂದರೆ 200 ಮಿಲಿಸೆಕೆಂಡ್. ಅವಳ ದನಿ ಬಾವಿಯಿಂದ ಬಂದ ಹಾಗಾಯಿತು. ಮೆಷಿನ್ ಈಗ ಶೋಕೇಸಿನಲ್ಲಿದೆ. ಆಲ್ಬಮ್‌ನಲ್ಲಿ ಇರೋದು ಕಂಪ್ಯೂಟರಿನ ಪ್ರತಿಧ್ವನಿ. ಶುದ್ಧವಾದಿಗಳು ಕ್ಷಮಿಸಲಿ.

ಆದರೆ ಆ ಲೆಕ್ಕ ದಂಡವಾಗಲಿಲ್ಲ. ನಿಮಿಷಕ್ಕೆ 150 ಏಟಿನ ಹಾಡಿನಲ್ಲಿ ಒಂದು ಏಟು 400 ಮಿಲಿಸೆಕೆಂಡ್. ಅದರ ಮೂರನೇ ಒಂದು ಪಾಲು 133. ಅಂದರೆ ನೆರಳು ಸರಿಯಾಗಿ ತಿಶ್ರದ ಎರಡನೇ ಅಕ್ಷರದ ಮೇಲೆ ಬೀಳುತ್ತದೆ. ಶಫಲ್‌ನಲ್ಲಿ ನಾವು ನುಂಗಿದ್ದ ಆ 'ಕಿ' ಮೇಲೆ! ಖುಷಿಯಿಂದ ಎಲ್ಲ ಹಾಡಿಗೂ ಹೀಗೆ ಭಾಗಿಸಿ ಕೂರಿಸಿದೆ. ಆಗ ಕಂಡ ವಿಚಿತ್ರ ಏನೆಂದರೆ, ಸರಿಯಾಗಿ ಕೂತ ನೆರಳು ತಾಳದೊಳಗೆ ಸೇರಿ ಕೇಳಿಸದೇ ಹೋಗುತ್ತದೆ. ಕೊನೆಗೆ ಎಲ್ಲದಕ್ಕೂ ಹತ್ತು ಹದಿನೈದು ಮಿಲಿಸೆಕೆಂಡ್ ಕಮ್ಮಿ ಮಾಡಿದೆ. ಸ್ವಲ್ಪ ಎಡವಿದರೇ ಚೆಂದ. ಇನ್ನೊಂದು ಎಚ್ಚರ: ನೆರಳು ಒಂದೇ ಸಲ ಬರಬೇಕು. ಎರಡನೇ ಸಲ ಬಂತು ಅಂದರೆ ರಾಕಬಿಲಿ ಹೋಗಿ ದೆವ್ವದ ಸಿನಿಮಾ ಆಗುತ್ತದೆ.

ಒಂಬತ್ತನೇ ಹಾಡೊಂದು ಇತ್ತು. ಆಲ್ಬಮ್‌ಗೆ ಬರಲಿಲ್ಲ. ನಮ್ಮಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದ. ಮೂರು ಸಾಲಿನದ್ದು. ಇವರಿಗೆ ಹಾಡಿ ತೋರಿಸಿದಾಗ ಎಲ್ಲರಿಗೂ ಇಷ್ಟವಾಯಿತು. "ಇದರಲ್ಲಿ ಒಂದನೇ ಏಟು ಎಲ್ಲಿ?" ಅಂತ ಡ್ರಮ್ಮರ್ ಕೇಳಿದರು. ನನಗೂ ಹೇಳೋಕೆ ಆಗಲಿಲ್ಲ. ಕಣ್ಣುಮುಚ್ಚಿ, ಗೂಟ ಹಿಡಿದ ಹಾಗೆ ಕೈ ತಿರುಗಿಸುತ್ತಾ ಹಾಡಿದೆ. ಕಲ್ಲು ಒಂದು ಸುತ್ತು ಬರೋದೇ ಅದರ ತಾಳ. ಕಾಳು ಹಾಕುವಾಗ ಸುತ್ತು ನಿಧಾನ, ಸಾಲು ಎಳೆಯುತ್ತದೆ. ತೋಳು ಸೋತರೆ ಇನ್ನೂ ಎಳೆಯುತ್ತದೆ. ನಾವು ಅದನ್ನು ನಾಲ್ಕು ಎಣಿಕೆಗೆ ಕಟ್ಟಿದೆವು, ಸಿಕ್ಸ್ತ್ ಕಾರ್ಡ್ ಹಾಕಿದೆವು, ಮೂರು ಟೇಕ್ ಮಾಡಿದೆವು. ಕೇಳೋಕೆ ಏನೂ ತಪ್ಪಿರಲಿಲ್ಲ. ಅಮ್ಮನಿಗೆ ಕಳಿಸಿದೆ. ಅವರು ಪೂರ್ತಿ ಕೇಳಿದರು. "ಚೆನ್ನಾಗಿದೆ ಕಣೋ. ಆದ್ರೆ ಅಜ್ಜಿ ಬೀಸಿದ ಹಾಗಿಲ್ಲ, ಮಿಲ್ಲಿಗೆ ಹಾಕಿಸಿದ ಹಾಗಿದೆ" ಅಂದರು. ಅದನ್ನು ಇಂಗ್ಲಿಷಿನಲ್ಲಿ ಬ್ಯಾಂಡಿಗೆ ಬಿಡಿಸಿ ಹೇಳೋಕೆ ಹತ್ತು ನಿಮಿಷ ಬೇಕಾಯಿತು. ಆಮೇಲೆ ಯಾರೂ ವಾದ ಮಾಡಲಿಲ್ಲ.

ಕಾನೂನಿನ ಮಾತು ಹೇಳಿಬಿಡುತ್ತೇನೆ. ಇದನ್ನು ಬಿಟ್ಟು ಮುಂದೆ ಹೋದರೆ ಆಮೇಲೆ ತಲೆನೋವು. ಅಮೆರಿಕದಲ್ಲಿ ಒಮ್ಮೆ ಬಿಡುಗಡೆಯಾದ ಹಾಡನ್ನು ಬೇರೆಯವರು ಹಾಡಿ ರೆಕಾರ್ಡ್ ಮಾಡೋಕೆ ಕಡ್ಡಾಯ ಲೈಸೆನ್ಸ್ ಇದೆ. ಯಜಮಾನರು ಬೇಡ ಅನ್ನುವ ಹಾಗಿಲ್ಲ, ನಿಗದಿಯಾದ ದುಡ್ಡು ಕಟ್ಟಿದರೆ ಆಯಿತು. ನಮ್ಮ ಶೈಲಿಗೆ ತಕ್ಕ ಹಾಗೆ ಹೊಂದಿಸಿಕೊಳ್ಳಬಹುದು. ಮೂಲ ರಾಗ, ಹಾಡಿನ ಸ್ವಭಾವ ಕೆಡಿಸಬಾರದು. ಅವಳು ರಾಗದ ಒಂದು ಸ್ವರವನ್ನೂ ಬಿಟ್ಟುಕೊಡದೆ ಕೂತದ್ದು ಇಲ್ಲಿ ಉಪಯೋಗಕ್ಕೆ ಬಂತು. 2024ರ ದರ ಐದು ನಿಮಿಷದೊಳಗಿನ ಹಾಡಿಗೆ ಪ್ರತಿಯೊಂದಕ್ಕೆ 12.4 ಸೆಂಟ್. ನಾವು ಹಾಕಿಸಿದ್ದು 300 ಸಿ.ಡಿ. ಲೈಸೆನ್ಸ್ ಬೇಕಿದ್ದ ಹಾಡು ಐದು. ಒಟ್ಟು 186 ಡಾಲರ್. ಉಳಿದ ಮೂರು ಹಾಡು ಹಳೆಯವು, ಹಕ್ಕು ಮುಗಿದವು. ವಿಡಿಯೋಗೆ ಹಾಕಬೇಕಂದರೆ ಮಾತ್ರ ಈ ಲೈಸೆನ್ಸ್ ಸಾಲದು, ಯಜಮಾನರನ್ನು ಕೇಳಲೇಬೇಕು. ಅದೇ ಹಾಡನ್ನು ಕನ್ನಡದಲ್ಲಿ ಹಾಡಿ ಅಂತ ಕನ್ನಡ ಕೂಟದ ಗೆಳೆಯರು ಕೇಳಿದ್ದರು. ಮಾತು ಬದಲಿಸೋಕೂ ಒಪ್ಪಿಗೆ ಬೇಕು.

ಊರಿನಲ್ಲಿ ಹಳೇ ಸಿನಿಮಾ ಹಾಡನ್ನು ಹೀಗೆ ಮಾಡೋಣ ಅನ್ನುವವರಿಗೆ ಲೆಕ್ಕ ಬೇರೆ. ಭಾರತದಲ್ಲಿ 2012ರ ತಿದ್ದುಪಡಿಯ ನಂತರ ಕವರ್ ಹಾಡಿಗೆ 31ಸಿ ಅನ್ನುವ ಕಲಂ ಇದೆ. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಲ್ಟಿ ಕಟ್ಟಬೇಕು, ಕೆಲವು ಭಾಷೆಗಳಿಗೆ ಇದನ್ನು ಕಮ್ಮಿ ಮಾಡುವ ಅವಕಾಶ ಇದೆ. ಅದಕ್ಕಿಂತ ಮುಖ್ಯ, ತಾಂತ್ರಿಕವಾಗಿ ಬೇಕಾದ್ದು ಬಿಟ್ಟರೆ ಬೇರೆ ಬದಲಾವಣೆ ಮಾಡಬಾರದು. ರಾಕಬಿಲಿ ಮಾಡುವುದು ಅಂದರೆ ಬದಲಾಯಿಸುವುದೇ ಅಲ್ವಾ? ಹಾಗಾಗಿ ಆ ದಾರಿ ಬೇಡ. ನೇರವಾಗಿ ಹಕ್ಕುದಾರರ ಒಪ್ಪಿಗೆ ತಗೊಳ್ಳಿ. ಶರೀಫರ ಪದ, ದಾಸರ ಪದ ಎಲ್ಲರದ್ದೂ ಅಂತ ಹೊರಡುವವರೂ ನೋಡಿಕೊಳ್ಳಿ. ಪದ ಎಲ್ಲರದ್ದು. ನಾವು ಕೇಳಿ ಬೆಳೆದ ಧಾಟಿ ಎಷ್ಟೋ ಸಲ ಈಚಿನ ಯಾರೋ ಹಾಕಿದ್ದು, ಅದಕ್ಕೆ ಹಕ್ಕಿದೆ.

ಸಿ.ಡಿ. ಬಂದಾಗ ಬೆನ್ನಿನ ಮೇಲೆ ಬ್ಯಾಂಡ್ ಹೆಸರಿನಲ್ಲಿ ಒಂದು ಅಕ್ಷರ ತಪ್ಪು ಅಚ್ಚಾಗಿತ್ತು. ಅಚ್ಚು ಮಾಡಿದವರು ನಮ್ಮದೇ ಫೈಲ್ ತೋರಿಸಿದರು, ನಾವು ಅವರದ್ದೇ ಪ್ರೂಫ್ ತೋರಿಸಿದೆವು. ಎರಡು ವಾರ ಮೇಲ್ ಓಡಾಡಿ ಕೊನೆಗೆ ಸುಮ್ಮನಾದೆವು. ಟೀಚರ್ ಅಲ್ವಾ, ಮುನ್ನೂರು ಸಿ.ಡಿ.ಗೂ ಅವಳೇ ಕೆಂಪು ಶಾಯಿಯಲ್ಲಿ ತಿದ್ದಿದಳು. ಜನಕ್ಕೆ ಅದೇ ಇಷ್ಟವಾಯಿತು, ಸಹಿ ಅಂದುಕೊಂಡರು.

170 ಮಾರಾಟವಾಗಿದೆ. ಉಳಿದ 130 ಅದೇ ಗ್ಯಾರೇಜಿನಲ್ಲಿ, ನಾಲ್ಕು ಡಬ್ಬದಲ್ಲಿ ಕೂತಿವೆ. ಡ್ರಮ್ಮರ್ ಅವುಗಳ ಮೇಲೆ ಒಂದು ಹಲಗೆ ಹಾಕಿ ಬ್ರಷ್‌ನಲ್ಲಿ ಅಭ್ಯಾಸ ಮಾಡುತ್ತಾರೆ. ತುಂಬಿದ ಡಬ್ಬದ ಸದ್ದು ಚೆನ್ನಾಗಿದೆಯಂತೆ. ಖಾಲಿಯಾದ ಡಬ್ಬ ಬೇಡವೇ ಬೇಡ ಅನ್ನುತ್ತಾರೆ.